ಬೀಗರ ಮನೆತನದ ಸ್ವಿಸ್ ಮೂಲಪುರುಷ: ಪೆನ್ಸಿಲ್ವೇನಿಯಾದಿಂದ ಹಿಂದಕ್ಕೆ ದಾಖಲೆ ಹುಡುಕುವುದು ಹೇಗೆ?

ನಿವೃತ್ತ ನೋಂದಣಿ

ಎಲ್ಲರಿಗೂ ನಮಸ್ಕಾರ. ಮಗಳ ಮನೆಗೆಂದು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಗೆ ಬಂದಿದ್ದೇನೆ. ಸೇವೆಯುದ್ದಕ್ಕೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ, ವಿಭಾಗಪತ್ರ, ಉಯಿಲು ಓದಿ ಕಣ್ಣು ಮಂಜಾಗಿಸಿಕೊಂಡವಳು ನಾನು ಎಂಬುದು ಬೀಗರಿಗೆ ಹೇಗೋ ತಿಳಿಯಿತು. ತಮ್ಮ ವಂಶದ ಕಾಗದಗಳ ಪೆಟ್ಟಿಗೆಯನ್ನೇ ಎತ್ತಿ ತಂದು ನನ್ನ ಮುಂದಿಟ್ಟು, "ನೀವೇ ನೋಡಿ ಹೇಳಬೇಕು" ಎಂದರು. ಬೀಗರ ಮಾತು, ತೆಗೆದುಹಾಕುವ ಹಾಗಿಲ್ಲ.

ಅಡ್ಡಹೆಸರು ಬರ್ಕ್‌ಹೋಲ್ಡರ್. ಪೆಟ್ಟಿಗೆಯಲ್ಲಿರುವುದು ಇಷ್ಟು: ದಪ್ಪನೆಯ ಒಂದು ಜರ್ಮನ್ ಬೈಬಲ್, ಅದರ ಖಾಲಿ ಹಾಳೆಗಳಲ್ಲಿ ಹುಟ್ಟು, ಮದುವೆ, ಸಾವುಗಳ ಬರಹ. ಕುಟುಂಬದವರೆಲ್ಲ ಸೇರಿದಾಗ ಅಚ್ಚು ಹಾಕಿಸಿದ ಒಂದು ಪುಸ್ತಿಕೆ. ಬಣ್ಣದ ಲಾಂಛನವಿರುವ ಒಂದು ಗೋಡೆತಟ್ಟೆ. ಇದಲ್ಲದೆ ಅಂತರ್ಜಾಲದ ಯಾವುದೋ ವಂಶವೃಕ್ಷದಿಂದ ಇಳಿಸಿಕೊಂಡ ಹಾಳೆಗಳ ಕಟ್ಟು. ಅದರ ಪ್ರಕಾರ ಹಾನ್ಸ್ ಎಂಬ ಮೂಲಪುರುಷ ಇಬ್ಬರು ಸಹೋದರರೊಡನೆ 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಹಡಗಿನಿಂದ ಇಳಿದ. ಊರಿನ ಜಾಗದಲ್ಲಿ "ಬರ್ನ್, ಸ್ವಿಟ್ಜರ್ಲೆಂಡ್" ಎಂದಷ್ಟೇ ಇದೆ. ಅಲ್ಲಿಂದ ಮುಂದೆ ತಂದೆ, ಅಜ್ಜ, ಮುತ್ತಜ್ಜ ಎಂದು ನಿರಾತಂಕವಾಗಿ 1400ರವರೆಗೂ ಹೋಗಿದ್ದಾರೆ. ಒಂದಕ್ಕೂ ಆಧಾರ ಬರೆದಿಲ್ಲ. ಇಂಥ ವಂಶವೃಕ್ಷವನ್ನು ನಮ್ಮ ಕಚೇರಿಗೆ ತಂದಿದ್ದರೆ ಮೇಜಿನಿಂದಲೇ ವಾಪಸು ಕಳುಹಿಸುತ್ತಿದ್ದೆ.

ಹಾನ್ಸ್ ಹುಟ್ಟಿದ ಹಳ್ಳಿ ಯಾವುದು ಎಂಬುದೊಂದೇ ಬೀಗರ ಪ್ರಶ್ನೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಹೇಳಿ, ಎಲ್ಲಿಂದ ಹಿಡಿಯಲಿ?

ಕಡತಪ್ರಿಯ (ಫಿಲಡೆಲ್ಫಿಯಾ)

ಮೇಡಂ, ಸ್ವಿಟ್ಜರ್ಲೆಂಡನ್ನು ಸದ್ಯಕ್ಕೆ ಮರೆತುಬಿಡಿ. ನಾನು ನೋಡಿದ ಮಟ್ಟಿಗೆ ಸ್ವಿಸ್ ಮೂಲ ಹುಡುಕುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಅಮೆರಿಕದ ಕಾಗದಗಳನ್ನು ಅರ್ಧಕ್ಕೆ ಬಿಟ್ಟು ಸಮುದ್ರ ಹಾರುತ್ತಾರೆ. ಆಚೆ ದಡದಲ್ಲಿ ಅದೇ ಹೆಸರಿನ ಒಬ್ಬ ಹಾನ್ಸ್ ಸಿಕ್ಕೇ ಸಿಗುತ್ತಾನೆ, ಅವನನ್ನೇ ಅಪ್ಪಿಕೊಳ್ಳುತ್ತಾರೆ. ಆ ಕಾಲದ ಬರ್ನ್ ಸೀಮೆಯಲ್ಲಿ ಹಾನ್ಸ್, ಉಲ್ರಿಚ್, ಕ್ರಿಸ್ಟಿಯನ್, ಯಾಕೋಬ್ ಎಂಬ ನಾಲ್ಕು ಹೆಸರು ಕೂಗಿದರೆ ಅರ್ಧ ಊರು ತಿರುಗಿ ನೋಡುತ್ತಿತ್ತು.

"ಮೂವರು ಸಹೋದರರು ಹಡಗು ಹತ್ತಿ ಬಂದರು" ಎಂಬ ಕಥೆ ಇಲ್ಲಿನ ಪ್ರತಿ ಎರಡನೇ ಮನೆಯಲ್ಲಿದೆ. ಒಂದೇ ಅಡ್ಡಹೆಸರಿನ ಮೂವರು ಒಂದೇ ಕೌಂಟಿಯಲ್ಲಿ ಕಂಡರೆ ಮುಂದಿನ ತಲೆಮಾರು ಅವರನ್ನು ಒಡಹುಟ್ಟಿದವರನ್ನಾಗಿ ಮಾಡಿಬಿಡುತ್ತದೆ. ಪುರಾವೆ ಸಿಗುವವರೆಗೆ ಅದನ್ನು ಪಕ್ಕಕ್ಕಿಡಿ.

ಇನ್ನು 1736ರ ವಿಚಾರ. 1727ರ ಸೆಪ್ಟೆಂಬರ್‌ನಿಂದ ಪೆನ್ಸಿಲ್ವೇನಿಯಾದ ಆಡಳಿತ ಒಂದು ನಿಯಮ ತಂದಿತು. ಜರ್ಮನ್ ಮಾತನಾಡುವ ವಲಸಿಗರು ಹಡಗಿನಿಂದ ಇಳಿದ ಕೂಡಲೇ ನ್ಯಾಯಾಲಯದ ಕಟ್ಟಡಕ್ಕೆ ನಡೆದು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಹೀಗಾಗಿ ಒಂದೊಂದು ಹಡಗಿಗೆ ಮೂರು ಬಗೆಯ ಪಟ್ಟಿಗಳು ಉಂಟಾದವು: ಕಪ್ತಾನ ಕೊಟ್ಟದ್ದು, ನಿಷ್ಠೆಯ ಪ್ರಮಾಣಕ್ಕೆ ಸಹಿ ಹಾಕಿದ್ದು, ಇನ್ನೊಂದು ಪ್ರತಿಜ್ಞೆಗೆ ಸಹಿ ಹಾಕಿದ್ದು. ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಎಂಬ ಇಬ್ಬರು ವಿದ್ವಾಂಸರು ಇವನ್ನೆಲ್ಲ ಸೇರಿಸಿ 1934ರಲ್ಲಿ ಮೂರು ಸಂಪುಟಗಳಾಗಿ ತಂದರು. ಒಂದು ಸಂಪುಟವಂತೂ ಸಹಿಗಳ ಯಥಾಪ್ರತಿ. ನೋಡಲೇಬೇಕಾದದ್ದು ಅದು. ಕಪ್ತಾನನ ಗುಮಾಸ್ತ ಇಂಗ್ಲಿಷ್ ಕಿವಿಯಿಂದ ಕೇಳಿ ಬರೆದದ್ದು ಒಂದು ರೂಪ, ಮನುಷ್ಯ ತನ್ನ ಕೈಯಾರೆ ಬರೆದದ್ದು ಇನ್ನೊಂದು ರೂಪ. ಬರೆಯಲು ಬಾರದವರು ಗುರುತು ಹಾಕಿದ್ದಾರೆ, ಅದರ ಸುತ್ತ ಹೆಸರು ಬರೆದವನು ಗುಮಾಸ್ತ.

ಈ ಪಟ್ಟಿಗಳ ಮಿತಿಯೂ ತಿಳಿದಿರಲಿ. ಸಹಿ ಹಾಕಬೇಕಾಗಿದ್ದವರು 16 ದಾಟಿದ ಗಂಡಸರು ಮಾತ್ರ. ಹೆಂಗಸರು, ಮಕ್ಕಳು ಬಹುಪಾಲು ಪಟ್ಟಿಗಳಲ್ಲಿ ಇಲ್ಲ. ಜ್ವರ ಹಿಡಿದು ಹಡಗಿನಲ್ಲೇ ಮಲಗಿದ್ದವನು ಸಹಿಯ ಪಟ್ಟಿಯಲ್ಲಿಲ್ಲ. 1727ಕ್ಕಿಂತ ಮೊದಲು ಬಂದವರಂತೂ ಇಲ್ಲವೇ ಇಲ್ಲ. 1710ರಲ್ಲಿ ಪೆಕ್ವೇ ತೊರೆಯ ದಂಡೆಗೆ ಬಂದು ನೆಲೆಸಿದ ಮೊದಲ ಮೆನ್ನೊನೈಟರಿಗೂ (ಅನಾಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಒಂದು ಶಾಖೆ), 1717ರಲ್ಲಿ ಮೂರು ಹಡಗುಗಳಲ್ಲಿ ಬಂದಿಳಿದ 363 ಜನರಿಗೂ ಇಂಥ ಪಟ್ಟಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸ್ವಿಸ್ ಇರಲಿ, ವ್ಯೂರ್ಟೆಂಬರ್ಗ್ ಇರಲಿ, ಅಧಿಕಾರಿಗಳು ಸಾಮಾನ್ಯವಾಗಿ ಎಲ್ಲರಿಗೂ ಹಚ್ಚಿದ ಹಣೆಪಟ್ಟಿ "ಪ್ಯಾಲಟೈನ್" ಎಂದೇ, ಅಂದರೆ ಜರ್ಮನಿಯ ಪ್ಯಾಲಟಿನೇಟ್ ಸೀಮೆಯವರು. ಹುಟ್ಟಿದ ಊರು ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಗಣಕಪ್ರಾಣಿ

ಇಷ್ಟೆಲ್ಲ ತಲೆಬಿಸಿ ಏಕೆ? ಬೀಗರ ಎಂಜಲನ್ನು ಒಂದು ಕೊಳವೆಗೆ ಹಾಕಿ ಡಿಎನ್‌ಎ ಪರೀಕ್ಷೆಗೆ ಕಳುಹಿಸಿ. ಊರು, ಕೇರಿ ಎಲ್ಲ ತಾನಾಗಿ ಬರುತ್ತದೆ.

ಜೀವಶಾಸ್ತ್ರದ ಮೇಷ್ಟ್ರು

ಬರುವುದಿಲ್ಲ ತಮ್ಮಾ. ಸಾಮಾನ್ಯವಾಗಿ ಮಾರಾಟವಾಗುವ ಪರೀಕ್ಷೆ ಎಲ್ಲ ಪೂರ್ವಜರಿಂದ ಬಂದ ವರ್ಣತಂತುಗಳ ಮಿಶ್ರಣವನ್ನು ನೋಡುತ್ತದೆ. ಎಂಟು ತಲೆಮಾರು ಹಿಂದಿನ ಒಬ್ಬ ಪೂರ್ವಜನಿಂದ ಸರಾಸರಿ 256ರಲ್ಲಿ ಒಂದು ಪಾಲು ಬಂದಿರುತ್ತದೆ, ಕೆಲವರಿಂದ ಏನೂ ಬಂದಿರುವುದಿಲ್ಲ. ಲ್ಯಾಂಕಾಸ್ಟರ್ ಮೆನ್ನೊನೈಟರಲ್ಲಿ ಇನ್ನೂ ಒಂದು ತೊಡಕಿದೆ. ಅವರು ತಲೆಮಾರುಗಟ್ಟಲೆ ತಮ್ಮತಮ್ಮೊಳಗೇ ಕೊಟ್ಟು ತಂದು ಮಾಡಿದವರು. ಇಬ್ಬರ ವರ್ಣತಂತು ಹೊಂದಿಕೊಂಡರೆ ಅದು ಬರ್ಕ್‌ಹೋಲ್ಡರ್ ಕಡೆಯಿಂದಲೋ, ಬೇರೆ ನಾಲ್ಕು ಕಡೆಯಿಂದಲೋ ಹೇಳುವುದು ಕಷ್ಟ.

ಪ್ರಯೋಜನಕ್ಕೆ ಬರುವುದು ವೈ ವರ್ಣತಂತುವಿನ ಪರೀಕ್ಷೆ. ತಂದೆಯಿಂದ ಮಗನಿಗೆ ಅಡ್ಡಹೆಸರಿನ ಜೊತೆಯಲ್ಲೇ ಸಾಗುವಂಥದ್ದು ಅದು. ಬೀಗರದ್ದು ಬರ್ನ್ ಸೀಮೆಯ ಎಮ್ಮೆಂಟಾಲ್ ಕಣಿವೆಯಲ್ಲಿ ಈಗಲೂ ಇರುವ ಬುರ್ಕ್‌ಹಾಲ್ಟರ್ (ಬರ್ಕ್‌ಹೋಲ್ಡರ್ ಹೆಸರಿನ ಸ್ವಿಸ್ ರೂಪ) ಗಂಡಸೊಬ್ಬನದ್ದಕ್ಕೆ ಹೊಂದಿದರೆ ಮನೆತನ ಒಂದೇ ಎನ್ನಬಹುದು. ಆದರೂ ಹಾನ್ಸ್‌ನ ತಂದೆ ಯಾರು ಎಂಬುದನ್ನು ಅದು ಹೇಳಲಾರದು. ಅದಕ್ಕೆ ಕಾಗದವೇ ಬೇಕು.

ಬಾಸೆಲ್ ನಿವಾಸಿ

ಸ್ವಿಸ್ ಕಡೆಯ ಒಂದು ವಿಶೇಷವನ್ನು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಇಲ್ಲಿ ಮನುಷ್ಯನ ಗುರುತು ಅವನು ಹುಟ್ಟಿದ ಊರಿನಿಂದ ಅಲ್ಲ, ಅವನ ಕುಟುಂಬಕ್ಕೆ ನಾಗರಿಕ ಹಕ್ಕಿರುವ ಮೂಲ ಊರಿನಿಂದ. ಅದಕ್ಕೆ ಹೈಮಾಟ್‌ಓರ್ಟ್ ಎನ್ನುತ್ತಾರೆ. ಇವತ್ತಿನ ಸ್ವಿಸ್ ಪಾಸ್‌ಪೋರ್ಟಿನಲ್ಲೂ ಇರುವುದು ಅದೇ. ನನ್ನ ಪಕ್ಕದ ಮನೆಯ ಅಜ್ಜಿ ತಮ್ಮ ಮೂಲ ಊರಿಗೆ ಒಮ್ಮೆಯೂ ಹೋದವರಲ್ಲ, ಆದರೂ ಅವರ ಎಲ್ಲ ಕಾಗದಗಳಲ್ಲಿ ಆ ಊರೇ. ಹಿಂದೆ ಬಡವರ ಪೋಷಣೆಯ ಹೊಣೆ ಮೂಲ ಊರಿನದಾಗಿತ್ತು. ಅದಕ್ಕೇ ಯಾರು ಯಾವ ಊರಿಗೆ ಸೇರಿದವರು ಎಂಬ ಲೆಕ್ಕವನ್ನು ಬಹಳ ಬಿಗಿಯಾಗಿ ಇಟ್ಟರು. ನಮಗೆ ಅದರಿಂದ ಲಾಭ.

ಯಾವ ಅಡ್ಡಹೆಸರಿಗೆ ಯಾವ ಯಾವ ಊರುಗಳಲ್ಲಿ ಹಕ್ಕಿದೆ ಎಂಬುದಕ್ಕೆ ಸ್ವಿಸ್ ಕುಟುಂಬನಾಮಗಳ ಕೋಶವೇ ಇದೆ, ಸ್ವಿಟ್ಜರ್ಲೆಂಡಿನ ಐತಿಹಾಸಿಕ ಕೋಶದ ಜಾಲತಾಣದಲ್ಲಿ ಉಚಿತ. 1962ರಲ್ಲಿ ಹಕ್ಕು ಹೊಂದಿದ್ದ ಕುಟುಂಬಗಳು ಅದರಲ್ಲಿವೆ, 1800ಕ್ಕಿಂತ ಹಿಂದಿನಿಂದ ಇರುವವುಗಳಿಗೆ ಬೇರೆ ಗುರುತು ಹಾಕಿದ್ದಾರೆ. ಬುರ್ಕ್‌ಹಾಲ್ಟರ್ ಎಂದು ಹುಡುಕಿ. ಎಮ್ಮೆಂಟಾಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಊರು ಬರುತ್ತವೆ, ಆ ಊರುಗಳ ಕುಟುಂಬಗಳು ಪರಸ್ಪರ ನೆಂಟರೇ ಆಗಿರಬೇಕಿಲ್ಲ. ಆ ಗೋಡೆತಟ್ಟೆಯ ಲಾಂಛನವೂ ಅಷ್ಟೇ. ಇಲ್ಲಿ ರೈತ ಕುಟುಂಬಗಳಿಗೂ ಲಾಂಛನ ಇರುತ್ತಿತ್ತು, ಅದು ಕುಲೀನತೆಯ ಸಾಕ್ಷಿಯಲ್ಲ. ಒಂದೇ ಅಡ್ಡಹೆಸರಿನ ಬೇರೆ ಊರಿನವರಿಗೆ ಬೇರೆ ಲಾಂಛನ ಇದ್ದೀತು.

"ಬರ್ನ್" ಎಂಬ ಬರಹವನ್ನೂ ನಂಬಿ ಕೂರಬೇಡಿ. 1798ರವರೆಗೆ ಬರ್ನ್ ಒಂದು ದೊಡ್ಡ ರಾಜ್ಯ. ಈಗಿನ ಆರ್‌ಗೌ ಪ್ರಾಂತ್ಯದ ಒಂದು ದೊಡ್ಡ ಭಾಗ, ಫ್ರೆಂಚ್ ಮಾತನಾಡುವ ವೋ ಪ್ರಾಂತ್ಯ, ಎರಡೂ ಅದರ ಕೈಕೆಳಗಿದ್ದವು. ಹಾನ್ಸ್ "ಬರ್ನ್ ಸೀಮೆಯವನು" ಎಂದರೆ ಅವನ ಜ್ಞಾನಸ್ನಾನದ (ಕ್ರೈಸ್ತ ದೀಕ್ಷೆಯ, ಬ್ಯಾಪ್ಟಿಸಂನ) ದಾಖಲೆ ಇವತ್ತು ಆರೌ ನಗರದ ಪತ್ರಾಗಾರದಲ್ಲೂ ಇರಬಹುದು.

ನಿವೃತ್ತ ನೋಂದಣಿ

ಎಲ್ಲರಿಗೂ ಧನ್ಯವಾದ. ಇವತ್ತು ಬೈಬಲನ್ನು ಕೂತು ನೋಡಿದೆ. ದಾಖಲೆ ಓದುವ ಮೊದಲು ಕಾಗದವನ್ನು ಓದಬೇಕು ಎಂದು ನಮ್ಮ ಹಿರಿಯ ಬರಹಗಾರರೊಬ್ಬರು ಹೇಳುತ್ತಿದ್ದರು.

ಮುಖಪುಟದಲ್ಲಿ ಜರ್ಮನ್‌ಟೌನ್, 1776 ಎಂದು ಅಚ್ಚಾಗಿದೆ. ಒಳಗಿನ ಮೊದಲ ನಮೂದು 1744ರ ಒಂದು ಜನನ. ಅಲ್ಲಿಂದ 1763ರವರೆಗೆ ಏಳು ಮಕ್ಕಳು, ಎಲ್ಲವೂ ಒಂದೇ ಶಾಯಿ, ಒಂದೇ ಕೈಬರಹ, ಸಾಲುಗಳ ಅಂತರವೂ ಅಳೆದಿಟ್ಟಂತೆ. 1779ರ ನಂತರ ಶಾಯಿ ಬದಲಾಗುತ್ತದೆ, ಕೈಯೂ ಬದಲಾಗುತ್ತದೆ. ಅಂದರೆ ಮೊದಲ ಏಳು ನಮೂದುಗಳನ್ನು ಯಾರೋ 1776ರ ಆಮೇಲೆ ಒಂದೇ ಸಲಕ್ಕೆ ಕೂತು ನೆನಪಿನಿಂದಲೋ ಹಳೆಯ ಚೀಟಿಯಿಂದಲೋ ಇಳಿಸಿದ್ದಾರೆ. ಸಮಕಾಲೀನ ದಾಖಲೆ ಅಲ್ಲ. ತಾಯಿಯ ಹೆಸರು ಅನ್ನಾ ಎಂದಿದೆ, ತವರಿನ ಹೆಸರಿಲ್ಲ. "ಸ್ವಿಟ್ಜರ್ಲೆಂಡ್" ಎಂಬ ಪದ ಇರುವುದು ಮೇಲ್ಭಾಗದಲ್ಲಿ, ಇಂಗ್ಲಿಷಿನಲ್ಲಿ, ಪೆನ್ಸಿಲ್ಲಿನಿಂದ! ಅದನ್ನು ಬರೆದವರು ಬೀಗರ ಅಜ್ಜಿಯೇ ಇರಬೇಕು ಎಂದು ನನ್ನ ಗುಮಾನಿ. ಬೀಗರ ಮುಖ ಸಪ್ಪಗಾಯಿತು.

ಕಡತಪ್ರಿಯ (ಫಿಲಡೆಲ್ಫಿಯಾ)

ಭಲೇ ಮೇಡಂ. ಕ್ರಿಸ್ಟೋಫರ್ ಸೌರ್ ಮುದ್ರಣಾಲಯದ ಬೈಬಲ್ ಅದು. 1743, 1763, 1776 ಹೀಗೆ ಮೂರು ಆವೃತ್ತಿಗಳು ಬಂದವು. ನಿಮ್ಮದು ಮೂರನೆಯದು. ಜೂರಿಕ್‌ನ ಫ್ರೊಶೌವರ್ ಅಚ್ಚುಮನೆಯ ಹಳೆಯ ಬೈಬಲ್ ಬೇರೇನಾದರೂ ಆ ಮನೆಯಲ್ಲಿ ಇದೆಯೇ ಕೇಳಿ. ಅನಾಬ್ಯಾಪ್ಟಿಸ್ಟ್ ಕುಟುಂಬಗಳು ಸಮುದ್ರ ದಾಟುವಾಗಲೂ ಅದನ್ನು ಹೊತ್ತು ತಂದದ್ದುಂಟು.

ಹಾಗೆಯೇ ಸೌರ್ 1739ರಿಂದ ಒಂದು ಜರ್ಮನ್ ಪತ್ರಿಕೆಯನ್ನೂ ನಡೆಸಿದರು. ಅದರಲ್ಲಿ "ಇಂಥ ಊರಿನ ಇಂಥವನು, ತನ್ನ ತಮ್ಮ ಎಲ್ಲಿದ್ದಾನೆಂದು ಹುಡುಕುತ್ತಿದ್ದಾನೆ" ಎಂಬ ಜಾಹೀರಾತುಗಳು ಬರುತ್ತಿದ್ದವು. ಊರಿನ ಹೆಸರು ಅಮೆರಿಕದ ದಾಖಲೆಯಲ್ಲಿ ನೇರವಾಗಿ ಸಿಗುವ ಕೆಲವೇ ಜಾಗಗಳಲ್ಲಿ ಇದು ಒಂದು. ಜಾಹೀರಾತುಗಳನ್ನು ಇಂಗ್ಲಿಷಿಗೆ ತಂದು ಸಂಕಲಿಸಿದ್ದಾರೆ, ಹುಡುಕಿ.

ಹೆಸರು ಬೇಡ

ಕ್ಷಮಿಸಿ, ಕೇಳಲೇಬೇಕು ಎನಿಸಿತು. ಯಾರದೋ ಸ್ವಿಸ್ ಮುತ್ತಜ್ಜನಿಗೆ ಕನ್ನಡಿಗರ ವೇದಿಕೆಯಲ್ಲಿ ಇಷ್ಟು ಉಪಚಾರವೇ? ನಮ್ಮ ಮನೆತನಗಳ ಚರಿತ್ರೆ ಬರೆಯುವವರೇ ಇಲ್ಲ.

ನಿವೃತ್ತ ನೋಂದಣಿ

ಯಾರದೋ ಅಲ್ಲಪ್ಪ, ನನ್ನ ಮೊಮ್ಮಗನ ಮುತ್ತಜ್ಜನ ಮುತ್ತಜ್ಜ. ನನ್ನ ಕಡೆಯವರ ಲೆಕ್ಕವನ್ನು ಹೆಳವರು ಎತ್ತಿನ ಮೇಲೆ ಬಂದು ಹೇಳಿ, ಕಾಳು ಕಟ್ಟಿಸಿಕೊಂಡು ಹೋಗುತ್ತಿದ್ದರು. ಬೀಗರ ಕಡೆಗೆ ಹೆಳವನಿಲ್ಲ, ಆ ಕೆಲಸವನ್ನು ಈ ಮುದುಕಿ ಮಾಡುತ್ತಿದ್ದಾಳೆ. ಕಾಳಿನ ಬದಲು ಸೇಬಿನ ಕಡುಬು ಸಿಗುತ್ತಿದೆ. ನಿಮ್ಮ ಮನೆತನದ್ದನ್ನು ನೀವು ಬರೆಯಿರಿ, ನಾನೇ ಮೊದಲು ಓದುತ್ತೇನೆ.

ಮೆನ್ನೊನೈಟ್ ಮನೆಯ ಸೊಸೆ

ಅಮ್ಮ, ನಾನೂ ಇಂಥದ್ದೇ ಮನೆಗೆ ಬಂದವಳು. ಬೀಗರ ಪೂರ್ವಜರು ಮೆನ್ನೊನೈಟರಾಗಿದ್ದರೆ ಎರಡು ವಿಷಯ ಗಮನದಲ್ಲಿರಲಿ.

ಅನಾಬ್ಯಾಪ್ಟಿಸ್ಟರು ಎಳೆಮಕ್ಕಳಿಗೆ ಜ್ಞಾನಸ್ನಾನ ಕೊಡುತ್ತಿರಲಿಲ್ಲ, ಬುದ್ಧಿ ತಿಳಿದವರಿಗೆ ಮಾತ್ರ. ಹುಟ್ಟಿದ ಮಗುವನ್ನು ಚರ್ಚಿಗೆ ತರದಿದ್ದರೆ ಪಾದ್ರಿಯ ಪುಸ್ತಕದಲ್ಲಿ ಆ ಮಗುವೇ ಇಲ್ಲ. ಆಣೆ ಮಾಡುವುದಿಲ್ಲ, ಆಯುಧ ಹಿಡಿಯುವುದಿಲ್ಲ ಎಂಬುದೂ ಸೇರಿ ಬರ್ನ್ ಸರ್ಕಾರಕ್ಕೆ ಅವರು ಕಣ್ಣಿನ ಕಸವಾದರು. ಅವರನ್ನು ಹಿಡಿಯುವುದಕ್ಕೆಂದೇ ಒಂದು ಪ್ರತ್ಯೇಕ ಇಲಾಖೆ ಇತ್ತು. ಟ್ರಾಕ್ಸೆಲ್‌ವಾಲ್ಡ್ ಕೋಟೆಯಲ್ಲಿ ಕೂಡಿಟ್ಟ ಕತ್ತಲಕೋಣೆಗಳನ್ನು ಇವತ್ತಿಗೂ ನೋಡಬಹುದು. 1710ರಲ್ಲಿ ಐವತ್ತಕ್ಕೂ ಹೆಚ್ಚು ಕೈದಿಗಳನ್ನು ಅಮೆರಿಕಕ್ಕೆ ಸಾಗಿಸಲೆಂದು ದೋಣಿಯಲ್ಲಿ ರೈನ್ ನದಿಯಗುಂಟ ಕಳುಹಿಸಿದರು. ಕಾಯಿಲೆಬಿದ್ದವರನ್ನು ದಾರಿಯಲ್ಲಿ ಇಳಿಸಬೇಕಾಯಿತು. ಉಳಿದವರು ನೈಮೇಗನ್ ತಲಪುವಷ್ಟರಲ್ಲಿ, ತಮ್ಮ ನೆಲದ ಮೇಲೆ ಇಂಥ ಸಾಗಾಟಕ್ಕೆ ಡಚ್ಚರು ಒಪ್ಪದ ಕಾರಣ ಬಿಡುಗಡೆಯಾದರು. ಸರ್ಕಾರದ ಹಿಂಸೆಯೇ ನಮಗೆ ದಾಖಲೆಯಾಗಿದೆ. ದಂಡ, ಆಸ್ತಿ ಮುಟ್ಟುಗೋಲು, ಗಡೀಪಾರು, ಎಲ್ಲದರ ಲೆಕ್ಕವನ್ನು ಬರೆದಿಟ್ಟಿದ್ದಾರೆ. ಹಳ್ಳಿಯ ನೈತಿಕ ನ್ಯಾಯಮಂಡಲಿಯ ಪುಸ್ತಕಗಳಲ್ಲಿ "ಇಂಥವನು ಚರ್ಚಿಗೆ ಬರುತ್ತಿಲ್ಲ" ಎಂಬ ದೂರು ಸಿಕ್ಕಿದರೆ ಹತ್ತು ಜ್ಞಾನಸ್ನಾನದ ದಾಖಲೆಗೆ ಸಮ.

ಎರಡನೆಯದು ನಡುವಿನ ನಿಲ್ದಾಣ. ಬಹಳಷ್ಟು ಕುಟುಂಬಗಳು ಎಮ್ಮೆಂಟಾಲ್‌ನಿಂದ ನೇರ ಅಮೆರಿಕಕ್ಕೆ ಬರಲಿಲ್ಲ. ಮೂವತ್ತು ವರ್ಷಗಳ ಯುದ್ಧದಿಂದ ಪಾಳುಬಿದ್ದಿದ್ದ ಪ್ಯಾಲಟಿನೇಟ್‌ಗೆ ದುಡಿಯುವ ಕೈಗಳು ಬೇಕಾಗಿದ್ದವು. ಅಲ್ಲಿನ ದೊರೆ 1664ರಲ್ಲಿ ಮೆನ್ನೊನೈಟರಿಗೆ ನೆಲೆಸಲು ಅನುಮತಿ ಕೊಟ್ಟ. 1671ರ ಕಿರುಕುಳದ ಹೊತ್ತಿಗೆ ನೂರಾರು ಜನ ಬರ್ನ್‌ನಿಂದ ಅಲ್ಲಿಗೆ ಓಡಿಬಂದರು. ಒಂದೆರಡು ತಲೆಮಾರು ಅಲ್ಲಿದ್ದು ಆಮೇಲೆ ಹಡಗು ಹತ್ತಿದರು. ಅವರ ಲೆಕ್ಕ ಅಲ್ಲಿನ ಅಧಿಕಾರಿಗಳು ಆಗಾಗ ಮಾಡಿಸಿದ ಮೆನ್ನೊನೈಟ್ ಪಟ್ಟಿಗಳಲ್ಲಿದೆ. ಹಾಗಾಗಿ 1736ರಲ್ಲಿ ಬಂದ ಹಾನ್ಸ್ ಸ್ವಿಟ್ಜರ್ಲೆಂಡನ್ನು ಕಣ್ಣಿನಿಂದ ನೋಡಿಯೇ ಇಲ್ಲದಿರಬಹುದು.

ಬಾಸೆಲ್ ನಿವಾಸಿ

ಈ ಮಾತಿಗೆ ಒಳ್ಳೆಯ ಉದಾಹರಣೆ ಅಮೆರಿಕದ 31ನೇ ಅಧ್ಯಕ್ಷ ಹರ್ಬರ್ಟ್ ಹೂವರ್. ಅವರ ಪೂರ್ವಜ ಆಂಡ್ರೆಯಾಸ್ ಹೂಬರ್ 1738ರಲ್ಲಿ ಹದಿಹರೆಯದವನಾಗಿ ಫಿಲಡೆಲ್ಫಿಯಾಕ್ಕೆ ಬಂದ, ಮುಂದೆ ಉತ್ತರ ಕ್ಯಾರೊಲಿನಾದಲ್ಲಿ ನೆಲೆಸಿದ. ಹುಟ್ಟಿದ್ದು ಪ್ಯಾಲಟಿನೇಟ್‌ನ ಎಲ್ಲರ್‌ಸ್ಟಾಟ್‌ನಲ್ಲಿ. ಕುಟುಂಬದ ಮೂಲ ಆರ್‌ಗೌನ ಓಬರ್‌ಕುಲ್ಮ್, ಆ ಕಾಲಕ್ಕೆ ಬರ್ನ್ ಆಳ್ವಿಕೆಯ ಹಳ್ಳಿ. ಸ್ವಿಟ್ಜರ್ಲೆಂಡಿನಲ್ಲಿ ಹೂಬರ್ ಎಂಬ ಅಡ್ಡಹೆಸರು ಎಷ್ಟು ಸಾಮಾನ್ಯ ಎಂದರೆ ಎಲ್ಲರ್‌ಸ್ಟಾಟ್ ಎಂಬ ಮೆಟ್ಟಿಲು ತಪ್ಪಿದ್ದರೆ ಓಬರ್‌ಕುಲ್ಮ್ ಸಿಗುವಂತೆಯೇ ಇರಲಿಲ್ಲ.

ಕ್ಯಾರೊಲಿನಾ ಕನ್ನಡಿಗ

ಹೂವರ್ ಹೆಸರು ಬಂದದ್ದಕ್ಕೆ ಒಂದು ಮಾತು. ಎಲ್ಲರೂ ಪೆನ್ಸಿಲ್ವೇನಿಯಾ ಎನ್ನುತ್ತೀರಿ, ನಮ್ಮ ದಕ್ಷಿಣವನ್ನೂ ನೋಡಿ. ಉತ್ತರ ಕ್ಯಾರೊಲಿನಾದ ನ್ಯೂ ಬರ್ನ್ ಊರನ್ನು 1710ರಲ್ಲಿ ನೆಲೆಗೊಳಿಸಿದವನು ಬರ್ನ್‌ನ ಕ್ರಿಸ್ಟೋಫ್ ಫಾನ್ ಗ್ರಾಫೆನ್‌ರೀಡ್. ಸಾಲದಲ್ಲಿ ಮುಳುಗಿದ್ದ ಕುಲೀನ. ಮರುವರ್ಷವೇ ಟಸ್ಕರೋರಾ ಜನ ತಮ್ಮ ನೆಲ ಕಬಳಿಸಿದವರ ಮೇಲೆ ಎರಗಿದರು. ಗ್ರಾಫೆನ್‌ರೀಡ್ ಸೆರೆಸಿಕ್ಕು ಬದುಕಿ ಬಂದ, ಜೊತೆಗಿದ್ದ ಭೂಮಾಪಕ ಜಾನ್ ಲಾಸನ್ ಕೊಲೆಯಾದ. ದಕ್ಷಿಣ ಕ್ಯಾರೊಲಿನಾದಲ್ಲಿ ಸವಾನಾ ನದಿಯ ದಂಡೆಗೆ ನ್ಯೂಶಾಟೆಲ್‌ನ ಜ್ಯಾಂ ಪಿಯೆರ್ ಪ್ಯುರಿ 1732ರಲ್ಲಿ ಜನರನ್ನು ಕರೆತಂದ. ತನ್ನ ಹೆಸರನ್ನೇ ಊರಿಗಿಟ್ಟ, ಪ್ಯುರಿಸ್‌ಬರ್ಗ್. ಅವನ ಪ್ರಚಾರ ಪುಸ್ತಿಕೆಗಳು ಸ್ವಿಟ್ಜರ್ಲೆಂಡಿನಲ್ಲಿ ಹಬ್ಬಿಸಿದ ಹುಚ್ಚಿಗೆ ಆಗಿನವರು "ರೇಬಿಸ್ ಕ್ಯಾರೊಲಿನೇ" ಎಂದೇ ಹೆಸರಿಟ್ಟಿದ್ದರು.

ಜೂರಿಕ್‌ನಿಂದ 1734ರ ಅಕ್ಟೋಬರ್‌ನಲ್ಲಿ ಹೊರಟ ತಂಡದ ಕಥೆ ಓದಿದರೆ ಹೊಟ್ಟೆ ಕಿವುಚುತ್ತದೆ. ಪಾದ್ರಿ ಮೊರಿಟ್ಸ್ ಗೊಯೆಟ್ಶಿಯ ಹಿಂದೆ ನೂರಾರು ಜನ, ಕ್ಯಾರೊಲಿನಾದ ಕನಸು. ಬಾಸೆಲ್‌ವರೆಗೆ ದೋಣಿ. ಅಲ್ಲಿಂದ ಮುಂದೆ ರೈನ್ ದಂಡೆಯಲ್ಲಿ ಯುದ್ಧ, ಎರಡೂ ಕಡೆಯ ಸೈನಿಕರ ರಹದಾರಿ ಬೇಕು. ಚಳಿ, ಮಳೆ, ಮೈಮೇಲೆ ಹರಕು ಬಟ್ಟೆ. ಹಾಲೆಂಡ್ ತಲಪುವ ಹೊತ್ತಿಗೆ ಕೈಯಲ್ಲಿ ಕಾಸಿಲ್ಲ, ತಂಡ ಚೆದುರಿತು. ಹಲವರು ಕ್ಯಾರೊಲಿನಾ ಬಿಟ್ಟು ಪೆನ್ಸಿಲ್ವೇನಿಯಾದ ಹಡಗು ಹತ್ತಿ 1735ರ ಮೇ 29ರಂದು ಫಿಲಡೆಲ್ಫಿಯಾ ಸೇರಿದರು. ಪಾದ್ರಿ ದಡ ಮುಟ್ಟಿದ ಬೆನ್ನಲ್ಲೇ ತೀರಿಕೊಂಡ. ಹದಿನೇಳರ ಮಗ ಉಪದೇಶ ಮಾಡುತ್ತ ಮನೆಯವರನ್ನು ಸಾಕಬೇಕಾಯಿತು. ತಂಡದಿಂದ ಹಿಂತಿರುಗಿದ ವಾಲಿಸೆಲ್ಲೆನ್‌ನ ಲುಡ್ವಿಗ್ ವೇಬರ್ ಹೇಳಿದ ಪ್ರಯಾಣದ ವಿವರವನ್ನು ಅದೇ ವರ್ಷ ಜೂರಿಕ್‌ನಲ್ಲಿ ಅಚ್ಚು ಹಾಕಿ ಹಂಚಿದರು, ಜನ ಹೆದರಿ ಮನೆಯಲ್ಲೇ ಉಳಿಯಲಿ ಎಂದು. ಆದರೂ ಜನ ಹೋದರು. ನಿಷೇಧದ ಆಜ್ಞೆ ಮೇಲೆ ಆಜ್ಞೆ ಹೊರಟಿತು, ಆದರೂ ಹೋದರು.

ಕೊನೆಗೆ 1744ರಲ್ಲಿ ಜೂರಿಕ್ ಸರ್ಕಾರ ಪ್ರತಿ ಪಾದ್ರಿಗೂ ಒಂದು ಆದೇಶ ಕೊಟ್ಟಿತು: ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಊರಿನಿಂದ ಯಾರು ಯಾರು ಹೋದರು, ಬರೆದು ಕಳುಹಿಸಿ. ಅದು ನಮಗೆ ನಿಧಿ. ಫೌಸ್ಟ್ ಎಂಬ ವಿದ್ವಾಂಸರು ಅದನ್ನು 1920ರಲ್ಲಿ ಪ್ರಕಟಿಸಿದರು, ಬರ್ನ್ ಮತ್ತು ಬಾಸೆಲ್ ಪಟ್ಟಿಗಳು 1925ರಲ್ಲಿ ಎರಡನೇ ಸಂಪುಟವಾಗಿ ಬಂದವು. ಬರ್ನ್‌ನದು ಪಾದ್ರಿಗಳ ವರದಿಯಲ್ಲ. ಊರು ಬಿಡುವವನು ಒಯ್ಯುವ ಆಸ್ತಿಯ ಮೇಲೆ ತೆರಿಗೆ ಕಟ್ಟಬೇಕಿತ್ತು, ಪಟ್ಟಿ ಹೆಚ್ಚಾಗಿ ಆ ಬಗೆಯ ಸರ್ಕಾರಿ ಕಡತಗಳಿಂದ ಹೆಕ್ಕಿದ್ದು. ಆಸ್ತಿಯಿಲ್ಲದೆ ಹೋದವನು, ರಾತ್ರೋರಾತ್ರಿ ಹೋದವನು ಅದರಲ್ಲಿ ಸಿಗುವುದು ಕಡಿಮೆ.

ನಿವೃತ್ತ ನೋಂದಣಿ

ಇದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಬೀಗರ ಹಾನ್ಸ್ ಕ್ಯಾರೊಲಿನಾ ಕಡೆಯವನಲ್ಲ, ಕಾಗದ ಸಿಕ್ಕಿದೆ.

ಲ್ಯಾಂಕಾಸ್ಟರ್ ಕೌಂಟಿಯ ಪತ್ರಾಗಾರದಲ್ಲಿ ಅವನ ಉಯಿಲಿದೆ. ಬರೆದದ್ದು 1767. ಓದುತ್ತಿದ್ದಂತೆ ನಮ್ಮ ಕಚೇರಿಗೇ ಹೋಗಿ ಕುಳಿತಂತಾಯಿತು. ಹೆಂಡತಿ ಅನ್ನಾಳಿಗೆ ಅಡುಗೆಮನೆಯ ಪಕ್ಕದ ಕೋಣೆ, ಒಲೆಗೆ ಸಾಲುವಷ್ಟು ಸೀಳಿದ ಕಟ್ಟಿಗೆಯನ್ನು ಬಾಗಿಲಿಗೇ ತಂದು ಹಾಕಬೇಕು, ಒಂದು ಹಸು ಅವಳ ಆಯ್ಕೆಯದು, ವರ್ಷಕ್ಕೆ ಇಷ್ಟು ಗೋಧಿ, ಇಷ್ಟು ರೈ, ಸೇಬಿನ ತೋಟದಲ್ಲಿ ಎರಡು ಮರ, ನಾರಿನ ಅಗಸೆ ಬಿತ್ತಲು ಒಂದು ಪಟ್ಟಿ ನೆಲ, ಚರ್ಚಿಗೆ ಹೋಗಲು ಬೇಕಾದಾಗ ಕುದುರೆ. ಹೊಲ ಪಡೆದ ಮಗ ಇದನ್ನೆಲ್ಲ ನಡೆಸಿಕೊಡಬೇಕು, ತಪ್ಪಿದರೆ ಹೊಲದ ಮೇಲೆ ಹಕ್ಕು ಕೇಳಬಹುದು. ಮಗನನ್ನು ನಂಬಿದ್ದರೆ ಇಷ್ಟು ವಿವರ ಬರೆಸುತ್ತಿದ್ದನೇ? ಜೀವನಾಂಶದ ಕರಾರನ್ನು ಇಷ್ಟು ಬಿಗಿಯಾಗಿ ಬರೆದದ್ದನ್ನು ನಾನು ಸೇವೆಯಲ್ಲಿ ಅಪರೂಪಕ್ಕೆ ಕಂಡಿದ್ದೇನೆ.

ಇಂಗ್ಲಿಷ್ ಉಯಿಲಿನ ಕೆಳಗೆ ಹಾನ್ಸ್ ಜರ್ಮನ್ ಲಿಪಿಯಲ್ಲಿ ಸ್ವಂತ ಸಹಿ ಹಾಕಿದ್ದಾನೆ, ಗುರುತಲ್ಲ. ಮಕ್ಕಳ ಹೆಸರುಗಳು ಬೈಬಲಿಗೆ ಹೊಂದುತ್ತವೆ, ಆದರೆ ಬೈಬಲಿನಲ್ಲಿಲ್ಲದ ಒಬ್ಬ ಹಿರಿಯ ಮಗಳು ಇಲ್ಲಿದ್ದಾಳೆ. ಮೊದಲ ಹೆಂಡತಿಯ ಮಗಳಿರಬಹುದೇ? ಸಹೋದರರ ಸುದ್ದಿಯೇ ಇಲ್ಲ. ಸಾಕ್ಷಿಗಳಿಬ್ಬರೂ ಜರ್ಮನ್ ಹೆಸರಿನವರು. ಹೊಲದ ಚಕ್ಕುಬಂದಿಯಲ್ಲಿ ಪಶ್ಚಿಮಕ್ಕೆ ಇರುವವನೇ ಮೊದಲ ಸಾಕ್ಷಿ. ಈಗ ಹೇಳಿ, ಸಹಿಯನ್ನು 1736ರ ಹಡಗಿನ ಪಟ್ಟಿಯ ಸಹಿಯ ಪಕ್ಕದಲ್ಲಿಟ್ಟು ನೋಡುವುದು ತಾನೇ ಮುಂದಿನ ಕೆಲಸ?

ಕಡತಪ್ರಿಯ (ಫಿಲಡೆಲ್ಫಿಯಾ)

ಅದೇ. ಅದರ ಜೊತೆಗೆ ಪಶ್ಚಿಮದ ನೆರೆಯವನನ್ನು ಹಿಡಿದುಕೊಳ್ಳಿ. ಈ ಜನ ಒಂಟಿಯಾಗಿ ಬರಲಿಲ್ಲ. ಒಂದೇ ಕಣಿವೆಯವರು, ಒಂದೇ ಸಭೆಯವರು ಒಟ್ಟಿಗೆ ಹಡಗು ಹತ್ತಿ, ಒಟ್ಟಿಗೆ ಜಮೀನು ಅಳೆಸಿ, ಒಬ್ಬರ ಉಯಿಲಿಗೆ ಇನ್ನೊಬ್ಬರು ಸಾಕ್ಷಿ ಹಾಕಿದವರು. ಹಾನ್ಸ್‌ನ ಊರು ಎಲ್ಲೂ ಬರೆದಿಲ್ಲದಿದ್ದರೂ ನೆರೆಯವನದು ಬರೆದಿರಬಹುದು.

ಜಮೀನಿಗೆ ಇಲ್ಲಿ ಮೂರು ಹಂತದ ಕಾಗದ: ಅಳತೆಗೆ ಆದೇಶ, ಅಳತೆಯ ನಕ್ಷೆ, ಕೊನೆಗೆ ಹಕ್ಕುಪತ್ರ. ಮೂರನ್ನೂ ತೆಗೆಸಿ, ನಡುವೆ ವರ್ಷಗಟ್ಟಲೆ ಅಂತರ ಇರುತ್ತದೆ. ಲ್ಯಾಂಕಾಸ್ಟರ್ ಕೌಂಟಿ ಹುಟ್ಟಿದ್ದೇ 1729ರಲ್ಲಿ, ಅದಕ್ಕೂ ಮೊದಲಿನದು ಚೆಸ್ಟರ್ ಕೌಂಟಿಯ ಕಡತ. ಬರ್ಕ್ಸ್ ಕೌಂಟಿ ಆಮೇಲೆ, 1752ರಲ್ಲಿ ಆದದ್ದು. ಹೊಲ ಅಲ್ಲೇ ಇದ್ದರೂ ಕಾಗದ ಬೇರೆ ಊರಿನಲ್ಲಿರುತ್ತದೆ.

ತಾರೀಖಿನ ಬಗ್ಗೆಯೂ ಎಚ್ಚರ. 1752ರವರೆಗೆ ಬ್ರಿಟಿಷ್ ವಸಾಹತುಗಳಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1736ರ ಫೆಬ್ರವರಿ ಎಂದು ಬರೆದಿದ್ದರೆ ನಮ್ಮ ಲೆಕ್ಕಕ್ಕೆ ಅದು 1737. ಬರ್ನ್ ಮತ್ತು ಜೂರಿಕ್ 1701ರಲ್ಲೇ ಹೊಸ (ಗ್ರೆಗೋರಿಯನ್) ಪಂಚಾಂಗಕ್ಕೆ ಬದಲಾಗಿದ್ದವು. ಆಚೆ ಈಚೆ ಹನ್ನೊಂದು ದಿನಗಳ ಅಂತರ ಬೇರೆ.

ನಿವೃತ್ತ ನೋಂದಣಿ

ಸಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. 1736ರ ಪಟ್ಟಿಯಲ್ಲಿ ವಂಶವೃಕ್ಷದವರು ತೋರಿಸುವ ಹಾನ್ಸ್ ಸಹಿ ಹಾಕಿಯೇ ಇಲ್ಲ, ಅಡ್ಡಗೆರೆಯ ಒಂದು ಗುರುತು ಹಾಕಿದ್ದಾನೆ. ಮೂವತ್ತೊಂದು ವರ್ಷದ ನಂತರ ಸಾಯುವ ಮುದುಕ ದುಂಡಗೆ ಸಹಿ ಹಾಕಿದ್ದಾನೆ. ನಡುವೆ ಅಕ್ಷರ ಕಲಿತನೇ? ಕಲಿತಿರಬಹುದು. ಆದರೆ ನಾನಾಗಿದ್ದರೆ ಇಬ್ಬರೂ ಒಬ್ಬನೇ ಎಂದು ಷರಾ ಬರೆಯುತ್ತಿರಲಿಲ್ಲ. ಬೇರೆ ವರ್ಷಗಳ ಹಡಗುಗಳನ್ನೂ ನೋಡಬೇಕು.

ನೆರೆಯವನ ವಿಷಯಕ್ಕೆ ಬಂದರೆ, ಕಡತಪ್ರಿಯ ಅವರ ಬಾಯಿಗೆ ಸಕ್ಕರೆ ಹಾಕಬೇಕು. ಕ್ರಯಪತ್ರಗಳ ಪುಸ್ತಕದಲ್ಲಿ 1750ರ ದಶಕದ ಒಂದು ಮುಖ್ತ್ಯಾರುನಾಮೆ ಸಿಕ್ಕಿತು. ನೆರೆಯವನು ಮತ್ತು ಅವನ ಹೆಂಡತಿ, ತಮ್ಮ ಪಾಲಿಗೆ ಬಂದ ಪಿತ್ರಾರ್ಜಿತವನ್ನು ವಸೂಲಿ ಮಾಡಿ ತರಲು ಊರಿಗೆ ಹೊರಟಿದ್ದ ಒಬ್ಬನಿಗೆ ಅಧಿಕಾರ ಕೊಟ್ಟಿದ್ದಾರೆ. ಬರ್ನ್ ಸೀಮೆ, ಲಾಂಗ್ನಾವ್ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಎಂದು ಸ್ಪಷ್ಟವಾಗಿದೆ. ಆ ಹೆಂಡತಿಯ ತವರಿನ ಹೆಸರು ಬುರ್ಕ್‌ಹಾಲ್ಟರ್.

ಗಣಕಪ್ರಾಣಿ

ಹಾಗಾದರೆ ಸಿಕ್ಕಿತಲ್ಲ! ಹಾನ್ಸ್‌ನ ತಂಗಿ ಅವಳು!

ಬಾಸೆಲ್ ನಿವಾಸಿ

ತಂಗಿ, ಚಿಕ್ಕಮ್ಮ, ದೊಡ್ಡಪ್ಪನ ಮಗಳು, ಏನೂ ಅಲ್ಲದವಳು. ಎಲ್ಲವೂ ಸಾಧ್ಯ. ಆದರೆ ಈಗ ಕೆಲಸ ಮಾಡಲು ಒಂದು ಪ್ಯಾರಿಷ್ ಇದೆ. ಅದೂ ಲಾಂಗ್ನಾವ್, ಅನಾಬ್ಯಾಪ್ಟಿಸ್ಟರ ಹಳೆಯ ನೆಲೆ.

ಬರ್ನ್ ಪತ್ರಾಗಾರ ಪ್ಯಾರಿಷ್ ಪುಸ್ತಕಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿದೆ. ನಾನು ಲಾಂಗ್ನಾವ್ ಜ್ಞಾನಸ್ನಾನದ ಪುಸ್ತಕ ತೆರೆದು 1700ರಿಂದ 1720ರವರೆಗೆ ಕಣ್ಣಾಡಿಸುತ್ತೇನೆ. ಹಾನ್ಸ್ ಒಬ್ಬನೇ ಸಿಗುವುದಿಲ್ಲ ಎಂದು ಈಗಲೇ ಹೇಳಿರುತ್ತೇನೆ. ಇಬ್ಬರು ಮೂವರು ಸಿಕ್ಕಾಗ ಬೇರ್ಪಡಿಸಲು ಜ್ಞಾನಸ್ನಾನದ ಸಾಕ್ಷಿಗಳನ್ನು ನೋಡಬೇಕು. ಬರ್ನ್ ಪದ್ಧತಿಯಲ್ಲಿ ಗಂಡುಮಗುವಿಗೆ ಇಬ್ಬರು ಗಂಡಸರು, ಒಬ್ಬ ಹೆಂಗಸು. ಹೆಣ್ಣುಮಗುವಿಗೆ ಅದರ ತಿರುಗುಮುರುಗು. ಹೆಚ್ಚಾಗಿ ನೆಂಟರನ್ನೇ ಕರೆಯುತ್ತಿದ್ದರು. ನೆರೆಯವನ ಹೆಂಡತಿಗೂ ಹಾನ್ಸ್‌ಗೂ ಒಬ್ಬನೇ ಮನುಷ್ಯ ಸಾಕ್ಷಿಯಾಗಿ ನಿಂತಿದ್ದರೆ ಆಗ ಮಾತನಾಡೋಣ. ಇಬ್ಬರಲ್ಲಿ ಒಬ್ಬ ಹಾನ್ಸ್ ಅಲ್ಲಿಯೇ ಮದುವೆಯಾಗಿ ಮಕ್ಕಳನ್ನು ಪಡೆಯುತ್ತ ಹೋಗಿದ್ದರೆ ಅವನನ್ನು ಕೈಬಿಡಬಹುದು. ಅಂತರ್ಜಾಲದ ವಂಶವೃಕ್ಷಗಳಲ್ಲಿ ಅಮೆರಿಕಕ್ಕೆ ಬಂದವನೂ ಅದೇ ವರ್ಷ ಎಮ್ಮೆಂಟಾಲ್‌ನಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸಿದವನೂ ಒಬ್ಬನೇ ಆಗಿರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಆ ಮುಖ್ತ್ಯಾರುನಾಮೆಯ ಪೂರ್ತಿ ನಕಲು ಬೇಕು. ಅಂಥ ಪತ್ರ ಬರ್ನ್ ತಲಪಿದ ಮೇಲೆ ಇಲ್ಲಿನ ಅಧಿಕಾರಿಗಳು ಅರ್ಜಿದಾರ ಯಾರ ಮಗ ಎಂದು ವಿಚಾರಿಸಿರಬೇಕು. ಅನಾಬ್ಯಾಪ್ಟಿಸ್ಟರ ಪಾಲು ಎಂದರೆ ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ. ಟ್ರಾಕ್ಸೆಲ್‌ವಾಲ್ಡ್ ಅಧಿಕಾರಿಯ ಲೆಕ್ಕಪತ್ರಗಳಲ್ಲಿ ಅದರ ಜಾಡು ಹುಡುಕುತ್ತೇನೆ.

ನಿವೃತ್ತ ನೋಂದಣಿ

ನಕಲಿಗೆ ಅರ್ಜಿ ಹಾಕಿದ್ದೇನೆ. ಮೂಲದ ಹಿಂಬದಿಯಲ್ಲಿ ಹಳೆಯ ಜರ್ಮನ್ ಕೈಬರಹದ ನಾಲ್ಕು ಸಾಲುಗಳಿವೆ ಎಂದು ಅಲ್ಲಿನ ಹುಡುಗಿ ಹೇಳಿದಳು, ಅದನ್ನೂ ತೆಗೆಯಲು ಹೇಳಿದ್ದೇನೆ. ಓದಬಲ್ಲವರು ಇಲ್ಲಿ ಯಾರಿದ್ದೀರಿ?

ಮೆನ್ನೊನೈಟ್ ಮನೆಯ ಸೊಸೆ

ನಮ್ಮ ಮಾವನವರು ಆ ಲಿಪಿಯನ್ನು ಓದುತ್ತಾರೆ ಅಮ್ಮ. ಎಂಬತ್ತು ದಾಟಿದೆ, ಹಳೆಯ ಕಾಗದ ಎಂದರೆ ಈಗಲೂ ಊಟ ಬಿಟ್ಟು ಕೂರುತ್ತಾರೆ. ಒಂದೇ ವಿನಂತಿ, ಮೊಬೈಲಿನಲ್ಲಿ ತೆಗೆದ ಓರೆ ಫೋಟೋ ಬೇಡ. ಪತ್ರಾಗಾರದವರಿಂದಲೇ ಸ್ಕ್ಯಾನ್ ಮಾಡಿಸಿ, 600 ಡಿಪಿಐ, ಬಣ್ಣದಲ್ಲಿ. ಆ ಲಿಪಿಯಲ್ಲಿ ಎನ್, ಯು, ಇ ಮೂರೂ ಒಂದೇ ರೀತಿ ಕಾಣುತ್ತವೆ, ಶಾಯಿ ಎಲ್ಲಿ ತಿರುಗಿತು ಎಂಬುದು ಕಾಣದಿದ್ದರೆ ಅವರೂ ಊಹಿಸಬೇಕಾಗುತ್ತದೆ.

ನಿವೃತ್ತ ನೋಂದಣಿ

ಆಗಲಿ. ಬಣ್ಣದ ನಕಲಿಗೆ ಹೆಚ್ಚುವರಿ ಶುಲ್ಕ ಇದೆಯಂತೆ, ಬೀಗರೇ ಕೊಡುತ್ತಾರೆ. ನಕಲು ಬಂದ ಕೂಡಲೇ ಇಲ್ಲೇ ಹಾಕುತ್ತೇನೆ. ಅಲ್ಲಿಯವರೆಗೆ 1727ರಿಂದ 1743ರವರೆಗಿನ ಹಡಗುಗಳಲ್ಲಿ ದುಂಡಗಿನ ಸಹಿಯ ಹಾನ್ಸ್‌ನನ್ನು ಹುಡುಕುತ್ತಿರುತ್ತೇನೆ. ಬುರ್ಕ್‌ಹಾಲ್ಟರ್, ಬರ್ಕ್‌ಹೋಲ್ಟರ್, ಪುರ್ಗಾಲ್ಟರ್ ಎಂದೆಲ್ಲ ನೋಡಬೇಕು. ಬೇರೆ ರೂಪ ಯಾರಿಗಾದರೂ ತೋಚಿದರೆ ತಿಳಿಸಿ.